ಹಿಂದಿನ ಶಾಕ್ ಸದ್ಯಕ್ಕೆ ಬೇಡ, ಪುಟ್ಟಿ

ಪುಟ್ಟಿ, ಎರಡು ಸೈಕಲ್‌ಗಳ ಫೋಟೊ ಕಳಿಸಿ "ಮಾವ, ಯಾವುದು ತಗೊಳ್ಳಲಿ? ಸುತ್ತಿಬಳಸದೆ ಹೇಳಿ" ಎಂದಿದ್ದೀಯ. ಹೇಳಿಬಿಡುತ್ತೇನೆ. ಹಾರ್ಡ್‌ಟೇಲ್ ತಗೋ. ಅಂದರೆ ಮುಂದಿನ ಫೋರ್ಕಿನಲ್ಲಿ ಮಾತ್ರ ಶಾಕ್ ಇದ್ದು, ಹಿಂದೆ ಗಟ್ಟಿ ಫ್ರೇಮ್ ಇರುವುದು. ಹಿಂದೆಯೂ ಶಾಕ್ ಇರುವ ಫುಲ್ ಸಸ್ಪೆನ್ಷನ್ ನಿನಗೆ ಈಗ ಬೇಡ. ಅಂಗಡಿ ಮುಚ್ಚುವ ಹೊತ್ತಾಗಿದ್ದರೆ ಇಷ್ಟನ್ನೇ ಓದಿ ಹೊರಡಬಹುದು. ಆದರೆ ನೀನು ಚಿಕ್ಕಂದಿನಿಂದ "ಯಾಕೆ" ಎಂದು ಕೇಳದೆ ಯಾವುದನ್ನೂ ಒಪ್ಪಿದವಳಲ್ಲ. ಅದಕ್ಕೇ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ನಿನ್ನ ಆಫೀಸಿನ ಗುಂಪಿನ ಹುಡುಗರು ಫುಲ್ ಸಸ್ಪೆನ್ಷನ್ ಇಟ್ಟುಕೊಂಡಿದ್ದಾರೆ. ನೀನು ಬಾಡಿಗೆ ಸೈಕಲ್ ತುಳಿಯುತ್ತೀಯ. ಕಲ್ಲಿನ ಇಳಿಜಾರಿನಲ್ಲಿ ಅವರು ಮುಂದೆ ಹೋಗಿ, ಕೆಳಗೆ ನಿಂತು ನಿನಗಾಗಿ ಕಾಯುತ್ತಾರೆ. ಹಾಗೆ ಕಾಯಿಸಿಕೊಳ್ಳುವುದು ಎಷ್ಟು ಚುಚ್ಚುತ್ತದೆಂದು ಬಲ್ಲೆ. ಆದರೆ ಅವರು ಮುಂದೆ ಹೋಗುವುದಕ್ಕೆ ಹಿಂದಿನ ಶಾಕ್ ಎಷ್ಟು ಕಾರಣ, ನಾಲ್ಕೈದು ವರ್ಷದ ಅಭ್ಯಾಸ ಎಷ್ಟು ಕಾರಣ ಎಂಬುದನ್ನು ನಿನಗೆ ಯಾರೂ ಬಿಡಿಸಿ ಹೇಳಿಲ್ಲ. ಅಂಗಡಿಯವರಂತೂ ಹೇಳುವುದಿಲ್ಲ, ಅವರ ಹೊಟ್ಟೆಪಾಡು.

ಸೈಕಲ್ ನೋಡುವ ಮುಂಚೆ ನೆಲ ನೋಡಬೇಕು. ನೀನಿರುವುದು ಯಲಹಂಕ ನ್ಯೂ ಟೌನಿನಲ್ಲಿ. ವಾರದ ದಿನಗಳಲ್ಲಿ ಬೆಳಿಗ್ಗೆ ಓಡಿಸುವುದು ಆವಲಹಳ್ಳಿ ಕಾಡಿನ ಕಡೆ, ಕೆರೆ ಏರಿಗಳ ಮೇಲೆ, ನೀಲಗಿರಿ ತೋಪುಗಳ ನಡುವಿನ ಬಂಡಿ ಜಾಡಿನಲ್ಲಿ. ಭಾನುವಾರ ನಂದಿಯ ಕಡೆಗೋ ಮಾಕಳಿದುರ್ಗದ ಕಡೆಗೋ ಹೋಗುತ್ತೀಯ. ಈ ಸೀಮೆಯ ನೆಲದ ಗುಣವೇ ಬೇರೆ. ಮೇಲೆ ಗರಸು ಮಣ್ಣು, ನಡುನಡುವೆ ಮಳೆನೀರು ಕೊರೆದ ಕೊರಕಲು, ಅಲ್ಲಲ್ಲಿ ಹಾಸುಬಂಡೆ. ಲಾಲ್‌ಬಾಗಿನ ಬಂಡೆಯ ಬಳಗದ್ದೇ ಈ ಕಲ್ಲು, ಸುಮಾರು 300 ಕೋಟಿ ವರ್ಷದಷ್ಟು ಹಳೆಯದು, ಬಿಸಿಲು ಮಳೆಗೆ ಸವೆದು ಗುಂಡಗಾಗಿದೆ. ಇಂಥ ಕಡೆ ಹಿಂದಿನ ಚಕ್ರಕ್ಕೆ ಬೀಳುವ ಏಟು ಅಷ್ಟೇನೂ ದೊಡ್ಡದಲ್ಲ. ಕಷ್ಟವಾಗುವುದು ಹಿಡಿತ. ಸಡಿಲ ಗರಸಿನ ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ. ಒಳ್ಳೆಯ ಟೈರು, ಅಳತೆಯ ಗಾಳಿ, ಮೈಭಾರವನ್ನು ಎಲ್ಲಿಡಬೇಕೆಂದು ಕಲಿತ ಸವಾರ, ಇವು ಮೂರಿದ್ದರೆ ಅದು ಜಾರದು. ಹಿಂದಿನ ಶಾಕ್ ಅಲ್ಲಿ ಮಾಡುವ ಸಹಾಯ ಕಡಿಮೆ.

ಮಲೆನಾಡಾದರೆ ನನ್ನ ಮಾತು ಸ್ವಲ್ಪ ಬದಲಾಗುತ್ತದೆ. ಸಕಲೇಶಪುರದಲ್ಲೋ ಕೊಡಗಿನಲ್ಲೋ ಕಾಫಿ ತೋಟದ ಜೀಪ್ ದಾರಿ ಬಿಟ್ಟು ಕಾಲುದಾರಿಗೆ ಇಳಿದರೆ, ಒಂದರ ಹಿಂದೆ ಒಂದು ಅಡ್ಡಬೇರು, ಜಂಬಿಟ್ಟಿಗೆಯ ಉಂಡೆಗಲ್ಲು, ಅದರ ಮೇಲೆ ಪಾಚಿ. ಅಲ್ಲಿ ಹಿಂದಿನ ಚಕ್ರಕ್ಕೂ ನೆಲವನ್ನು ಹಿಂಬಾಲಿಸಲು ಒಂದು ಕೀಲು ಇದ್ದರೆ ಚೆನ್ನ. ಉತ್ತರ ಕರ್ನಾಟಕದ ಎರೆಭೂಮಿಯ ಮಾತೇ ಬೇರೆ. ಒಂದು ಮಳೆ ಬಿದ್ದರೆ ಸಾಕು, ಎರೆಮಣ್ಣು ಟೈರಿಗೆ ಮೆತ್ತಿ, ಫೋರ್ಕಿನ ಸಂದಿ ತುಂಬಿ ಚಕ್ರ ನಿಂತೇಬಿಡುತ್ತದೆ. ಐದು ಲಕ್ಷದ ಸೈಕಲ್ ಆದರೂ ಹೆಗಲ ಮೇಲೆ ಹೊರಬೇಕಾದದ್ದೇ, ಮತ್ತು ಹೊರುವಾಗ ಹಗುರವಾದದ್ದೇ ಒಳ್ಳೆಯದು. ಇನ್ನೊಂದು ಮಾತು, ಸೈಕಲ್ ಯಾವುದಾದರೂ ಆಗಲಿ, ಕಾಡಿನೊಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯವರು ಆ ದಾರಿಗೆ, ಆ ಹೊತ್ತಿಗೆ ಬಿಡುತ್ತಾರೆಯೇ ಎಂದು ಕೇಳಿಕೋ. ತೋಟದವರ ಗೇಟು ತೆರೆದಿದೆಯೆಂದ ಮಾತ್ರಕ್ಕೆ ನುಗ್ಗಬೇಡ.

ಇನ್ನು ನನ್ನ ಮುಖ್ಯ ಕಾರಣ. ಸೈಕಲ್ಲಿಗೆ ಎಷ್ಟೇ ಶಾಕ್ ಹಾಕಿದರೂ ದೊಡ್ಡ ಶಾಕ್ ನಿನ್ನ ಮೈಯಲ್ಲೇ ಇದೆ: ಮೊಣಕಾಲು, ಸೊಂಟ, ಮೊಣಕೈ. ಊರಿನಲ್ಲಿ ಬಾವಿಯಿಂದ ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು ಏರುತಗ್ಗಿನ ದಾರಿಯಲ್ಲಿ ಬರುವವರನ್ನು ನೋಡಿದ್ದೀಯಲ್ಲ? ಕಾಲು ಕೆಳಗೆ ಏನೇ ಮಾಡಲಿ, ಕೊಡದ ನೀರು ತುಳುಕುವುದಿಲ್ಲ. ಮೌಂಟನ್ ಬೈಕಿನ ಮೇಲೆ ನಿಲ್ಲುವುದೂ ಹಾಗೆಯೇ. ಪೆಡಲ್‌ಗಳು ಎರಡೂ ನೆಲಕ್ಕೆ ಸಮನಾಗಿ, ಮೊಣಕಾಲು ಸಡಿಲವಾಗಿ, ಸೀಟಿನಿಂದ ಮೇಲೆದ್ದು ನಿಂತರೆ, ಕೆಳಗೆ ಸೈಕಲ್ ಏಳುತ್ತದೆ, ಬೀಳುತ್ತದೆ, ನಿನ್ನ ತಲೆ ಮಾತ್ರ ಒಂದೇ ಎತ್ತರದಲ್ಲಿ ಸಾಗುತ್ತದೆ. ಹಾರ್ಡ್‌ಟೇಲ್ ಇದನ್ನು ಬೇಗ ಕಲಿಸುತ್ತದೆ, ಏಕೆಂದರೆ ಕಲಿಯದಿದ್ದರೆ ಬೆನ್ನಿಗೆ ಏಟು ಬೀಳುತ್ತದೆ. ಕಲ್ಲನ್ನು ತಪ್ಪಿಸಿ ಹೋಗುವ ದಾರಿ ಯಾವುದು, ಹಿಂದಿನ ಚಕ್ರವನ್ನು ಯಾವ ಕ್ಷಣದಲ್ಲಿ ಹಗುರ ಮಾಡಬೇಕು ಎಂಬುದೂ ಅದೇ ಏಟಿನಿಂದ ಬರುವ ವಿದ್ಯೆ. ಫುಲ್ ಸಸ್ಪೆನ್ಷನ್‌ನಲ್ಲಿ ಕೂತುಕೊಂಡೇ ಕಲ್ಲಿನ ಮೇಲೆ ಹಾಯ್ದರೂ ಅದು ನುಂಗಿಕೊಳ್ಳುತ್ತದೆ. ನುಂಗಿಕೊಳ್ಳುವಷ್ಟು ದಿನ ಎಲ್ಲ ಸರಿ. ಒಂದು ದಿನ ವೇಗ ಜಾಸ್ತಿಯಾಗಿ, ಕಲ್ಲು ದೊಡ್ಡದಾಗಿ, ಶಾಕ್ ತಳ ಮುಟ್ಟಿದಾಗ ಸವಾರನ ಬಳಿ ಬೇರೆ ಉಪಾಯವೇ ಇರುವುದಿಲ್ಲ.

ಈ ಆಟ ಹುಟ್ಟಿದ್ದೇ ಶಾಕ್ ಇಲ್ಲದ ಸೈಕಲ್‌ಗಳ ಮೇಲೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಮೌಂಟ್ ಟಮಲ್‌ಪೈಸ್ ಬೆಟ್ಟದ ಬಳಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಹೊರಗೆ ಒಂದು ಮಣ್ಣು ದಾರಿಯಿದೆ. ಮೂರು ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟ ದಾರಿ, 400 ಮೀಟರಿನಷ್ಟು ಇಳಿತ. 1976ರಿಂದ ಅಲ್ಲಿ ಕೆಲವು ಹುಡುಗರು ಗುಜರಿಯಿಂದ ಎತ್ತಿ ತಂದ ದಪ್ಪ ಟೈರಿನ ಹಳೆಯ ಸೈಕಲ್‌ಗಳಲ್ಲಿ ಇಳಿಯುವ ಸ್ಪರ್ಧೆ ನಡೆಸುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಸಲ ಇಳಿದು ಮುಗಿಸುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು, ಹೊಸದಾಗಿ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಸ್ಪರ್ಧೆಗೆ ರೀಪ್ಯಾಕ್ ಎಂಬ ಹೆಸರು ಬಿತ್ತು. ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಎಲ್ಲ ಆ ಗುಂಪಿನವರು. ಫೋರ್ಕಿಗೆ ಶಾಕ್ ಬಂದದ್ದು ಅವರ ಕಾಲಕ್ಕೆ ಹತ್ತು ವರ್ಷಕ್ಕೂ ಹೆಚ್ಚು ತಡವಾಗಿ. ಪಾಲ್ ಟರ್ನರ್ ಎಂಬವರು ಮೋಟಾರ್ ಸೈಕಲ್ಲಿನ ಅನುಭವದಿಂದ ರಾಕ್‌ಶಾಕ್ಸ್ ಫೋರ್ಕ್ ಮಾಡಿದರು. ಸುಮಾರು ಎರಡು ಇಂಚು ಮಾತ್ರ ಮುದುಡುತ್ತಿದ್ದ ಅದನ್ನು ಹಾಕಿಕೊಂಡು ಗ್ರೆಗ್ ಹರ್ಬೋಲ್ಡ್ 1990ರಲ್ಲಿ ಡುರಾಂಗೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಡೌನ್‌ಹಿಲ್ ಗೆದ್ದ ಮೇಲೆ ಫೋರ್ಕಿನ ಬಗೆಗಿನ ನಗೆಚಾಟಿಕೆ ನಿಂತಿತು.

ನೀನು ತಕ್ಷಣ "ಮಾವ, ಈಗ ಒಲಿಂಪಿಕ್ಸ್‌ನಲ್ಲಿ ಎಲ್ಲರೂ ಫುಲ್ ಸಸ್ಪೆನ್ಷನ್ ತಾನೇ" ಅನ್ನುತ್ತೀಯ. ಅದನ್ನೂ ನೋಡೋಣ. 2012ರ ಲಂಡನ್ ಒಲಿಂಪಿಕ್ಸ್, ಎಸೆಕ್ಸ್‌ನ ಹ್ಯಾಡ್ಲಿ ಫಾರ್ಮ್. ಕಲ್ಲುಗಳನ್ನು ತಂದು ಹಾಸಿ ಕಟ್ಟಿದ ಟ್ರ್ಯಾಕು. ಚೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್‌ನಲ್ಲಿ, ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಹಾರ್ಡ್‌ಟೇಲ್‌ನಲ್ಲಿ. ಒಂದೂವರೆ ಗಂಟೆ ತುಳಿದ ಮೇಲೆ ಕೊನೆಯ ಓಟದಲ್ಲಿ ಕುಲ್ಹಾವಿ 1 ಸೆಕೆಂಡಿನ ಅಂತರದಲ್ಲಿ ಗೆದ್ದರು. ನಾಲ್ಕು ವರ್ಷದ ಮೇಲೆ ರಿಯೊದಲ್ಲಿ ಶುರ್ಟರ್ ತಾವೂ ಫುಲ್ ಸಸ್ಪೆನ್ಷನ್‌ಗೆ ಬದಲಾಗಿ ಚಿನ್ನ ತೆಗೆದುಕೊಂಡರು. ಹೌದು, ಆ ಮಟ್ಟದಲ್ಲಿ ಗಾಳಿ ಫುಲ್ ಸಸ್ಪೆನ್ಷನ್ ಕಡೆಗೇ ಬೀಸಿದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಲಂಡನ್ನಿನ ಅದೇ ಸ್ಪರ್ಧೆಯಲ್ಲಿ ಕಂಚು ಯಾರಿಗೆ ಬಂತು ನೋಡು. ಇಟಲಿಯ ಮಾರ್ಕೊ ಫೊಂಟಾನ. ಕೊನೆಯ ಸುತ್ತಿನಲ್ಲಿ ಅವರ ಸೈಕಲ್ಲಿನ ಸೀಟೇ ಮುರಿದು ಹೋಯಿತು. ಹಿಂದೆ ಶಾಕ್ ಇಲ್ಲ, ಕೂರಲು ಜಾಗವೂ ಇಲ್ಲ. ಉಳಿದ ದಾರಿಯನ್ನು ನಿಂತೇ ತುಳಿದು ಮೂರನೆಯವರಾಗಿ ಬಂದರು. ಕಾಲಿನ ವಿದ್ಯೆ ಅಂದದ್ದು ಇದನ್ನೇ. ಇನ್ನೊಂದು ವಿಷಯ: ಆ ಸವಾರರ ಹಿಂದೆ ಪ್ರತಿ ಸ್ಪರ್ಧೆಯ ರಾತ್ರಿ ಸೈಕಲ್ ಬಿಚ್ಚಿ ತೊಳೆದು ಜೋಡಿಸುವ ಮೆಕ್ಯಾನಿಕ್ ಇರುತ್ತಾನೆ. ನಿನ್ನ ಹಿಂದೆ ಇರುವುದು ಪಿ.ಜಿ.ಯ ಓನರ್ ಆಂಟಿ.

ಅಲ್ಲಿಂದ ಮಾತು ರಿಪೇರಿಗೆ ಬರುತ್ತದೆ. ಬದುಕಿಡೀ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ವಿಭಾಗದಲ್ಲಿದ್ದವನಿಗೆ ಹೇಳಲು ಹೆಚ್ಚು ಇರುವುದೂ ಇಲ್ಲೇ.

ಫುಲ್ ಸಸ್ಪೆನ್ಷನ್ ಸೈಕಲ್ಲಿನ ಹಿಂಭಾಗ ಹಲವು ತುಂಡುಗಳಲ್ಲಿದೆ. ಆ ತುಂಡುಗಳು ಸೇರುವ ಕಡೆಯೆಲ್ಲ ಪಿವಟ್, ಪಿವಟಿನಲ್ಲಿ ಸಣ್ಣ ಸೀಲ್ಡ್ ಬೇರಿಂಗ್. ಒಂದೊಂದು ಸೈಕಲ್ಲಿನಲ್ಲಿ ಎಂಟು, ಕೆಲವದರಲ್ಲಿ ಅದಕ್ಕೂ ಹೆಚ್ಚು. ಈ ಪಿವಟುಗಳನ್ನು ಎಲ್ಲಿಡಬೇಕು ಎಂಬುದರಲ್ಲೇ ಕಂಪನಿಗಳ ನಡುವೆ ಪೇಟೆಂಟ್ ಕಾದಾಟ ನಡೆದಿದೆ. ಹಾರ್ಸ್ಟ್ ಲೈಟ್ನರ್ ಎಂಬ ಆಸ್ಟ್ರಿಯಾ ಮೂಲದ ಮೋಟೊಕ್ರಾಸ್ ಮನುಷ್ಯ ಹಿಂದಿನ ಆಕ್ಸಲಿನ ಮುಂದೆ, ಕೆಳಗಿನ ಕೊಳವೆಯಲ್ಲಿ ಒಂದು ಪಿವಟ್ ಇಟ್ಟರು. ಬ್ರೇಕ್ ಹಿಡಿದಾಗಲೂ ಹಿಂದಿನ ಶಾಕ್ ಬಿಗಿದುಕೊಳ್ಳದೆ ಕೆಲಸ ಮಾಡುತ್ತಿತ್ತು. 1998ರಲ್ಲಿ ಆ ಪೇಟೆಂಟನ್ನು ಸ್ಪೆಷಲೈಜ್ಡ್ ಕಂಪನಿ ಕೊಂಡಿತು. ಜಾಣ ಕೆಲಸ, ಇಂಜಿನಿಯರಿಂಗ್ ಓದಿದ ನಿನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಆ ಬೇರಿಂಗ್ ಬದುಕುವ ಬದುಕು ನೋಡು. ಚಕ್ರದ ಹಬ್ಬಿನಲ್ಲಿರುವ ಬೇರಿಂಗ್ ಪೂರ್ತಿ ಸುತ್ತುತ್ತದೆ, ಗ್ರೀಸ್ ಎಲ್ಲ ಕಡೆ ಹರಡುತ್ತದೆ, ಸವೆತ ಎಲ್ಲ ಗುಂಡುಗಳಿಗೂ ಹಂಚಿಹೋಗುತ್ತದೆ. ಪಿವಟಿನ ಬೇರಿಂಗ್ ಸುತ್ತುವುದೇ ಇಲ್ಲ. ಕೆಲವೇ ಡಿಗ್ರಿ ಅತ್ತ, ಕೆಲವೇ ಡಿಗ್ರಿ ಇತ್ತ, ಅಷ್ಟೇ. ಅದೇ ಗುಂಡು ಅದೇ ಜಾಗವನ್ನು ಸಾವಿರಾರು ಸಲ ಗುದ್ದುತ್ತದೆ, ಅಲ್ಲಿನ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ, ಗುಂಡು ಉರುಳುವ ರೇಸಿನ ಮೇಲೆ ಸಣ್ಣ ಗುಳಿ ಬೀಳುತ್ತದೆ. ಅದರ ಮೇಲೆ ನಮ್ಮ ಕೆಂಪು ಧೂಳು, ಜೂನ್ ಬಂತೆಂದರೆ ಕೆಸರು. ಮೊದಲು ಕಿರ್ ಅನ್ನುತ್ತದೆ, ಆಮೇಲೆ ಟಕ್ ಅನ್ನುತ್ತದೆ, ಆಮೇಲೆ ಹಿಂದಿನ ಚಕ್ರ ತಿರುವಿನಲ್ಲಿ ಎಡಬಲಕ್ಕೆ ಅಲುಗುತ್ತದೆ. ಬೇರಿಂಗ್ ಬದಲಿಸಲು ಪ್ರೆಸ್ ಟೂಲ್ ಬೇಕು, ಬೋಲ್ಟ್ ಬಿಗಿಯಲು ಟಾರ್ಕ್ ರೆಂಚ್ ಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸುವವರ ಕೈಗೆ ಕೊಟ್ಟೆಯೋ, ಫ್ರೇಮೇ ಹೋಗುತ್ತದೆ.

ಬೇರಿಂಗ್ ಆಯಿತು, ಇನ್ನು ಶಾಕ್. ರಾಕ್‌ಶಾಕ್ಸ್‌ನವರೇ ಹೇಳುವ ಲೆಕ್ಕದಂತೆ ಫೋರ್ಕಿನ ಕೆಳಗಿನ ಕಾಲುಗಳನ್ನು 50 ಗಂಟೆ ಸವಾರಿಗೊಮ್ಮೆ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಬೇಕು. ವಾರಕ್ಕೆ ನಾಲ್ಕು ಗಂಟೆ ತುಳಿದರೆ ಮೂರು ತಿಂಗಳಿಗೊಮ್ಮೆ ಬಂತು. ಇದು ಹಾರ್ಡ್‌ಟೇಲ್‌ಗೂ ತಪ್ಪಿದ್ದಲ್ಲ. ಫುಲ್ ಸಸ್ಪೆನ್ಷನ್‌ಗೆ ಮಾತ್ರ ಹಿಂದಿನ ಶಾಕಿನ ಏರ್ ಕ್ಯಾನ್‌ಗೂ ಇಂಥದ್ದೇ ಇನ್ನೊಂದು ಲೆಕ್ಕ ಸೇರುತ್ತದೆ, ಮತ್ತು ಅದರ ಸೀಲ್ ಕಿಟ್ ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸುವವರೆಗೆ ಸೈಕಲ್ ಗೋಡೆಗೆ ಒರಗಿರುತ್ತದೆ. ಇದನ್ನೆಲ್ಲ ಮಾಡದೆ ಓಡಿಸುವವರೇ ಹೆಚ್ಚು. ಎರಡು ವರ್ಷದ ಮೇಲೆ ಆ ಶಾಕ್ ಇದ್ದೂ ಇಲ್ಲದಂತೆ. ಎಣ್ಣೆ ಬತ್ತಿ, ಒಳಗಿನ ಕಾಲು ಗೀಚಿ, ಅವರು ತುಳಿಯುತ್ತಿರುವುದು ಎರಡು ಕೆ.ಜಿ. ಹೆಚ್ಚು ಭಾರದ ಹಾರ್ಡ್‌ಟೇಲ್ ಅನ್ನೇ. ಒಂದನ್ನಂತೂ ಮರೆಯಬೇಡ. ಯಾವ ಸೈಕಲ್ ಕೊಂಡರೂ ಬೈಕ್ ವಾಟರ್ ಸರ್ವೀಸಿನವರ ಹತ್ತಿರ ಗನ್ ಹಿಡಿಸಿ ತೊಳೆಸಬೇಡ. ಆ ಒತ್ತಡದ ನೀರು ಸೀಲು ದಾಟಿ ಬೇರಿಂಗಿನೊಳಗೆ ಹೋಗುತ್ತದೆ, ಗ್ರೀಸ್ ಹೊರಗೆ ಬರುತ್ತದೆ. ಒಂದು ಬಕೆಟ್ ನೀರು, ಹಳೇ ಬ್ರಷ್ಷು, ಒಂದು ಬಟ್ಟೆ, ಇಷ್ಟು ಸಾಕು.

ದುಡ್ಡಿನ ಮಾತು. ಅಕ್ಕನಿಗೆ ಬೆಲೆ ಹೇಳುವ ಕೆಲಸವನ್ನು ನನಗೇ ಬಿಡು, ನಿನ್ನಮ್ಮನ ಪ್ರಕಾರ ಸೈಕಲ್ ಅಂದರೆ ಇವತ್ತಿಗೂ ಐದು ಸಾವಿರ. ಒಂದು ಲಕ್ಷದ ಒಳಗೆ ನಿಜಕ್ಕೂ ಕಾಡಿಗೆ ತೆಗೆದುಕೊಂಡು ಹೋಗಬಹುದಾದ ಹಾರ್ಡ್‌ಟೇಲ್ ಸಿಗುತ್ತದೆ: ಗಾಳಿ ತುಂಬುವ ಫೋರ್ಕ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಮುಂದೆ ಒಂದೇ ಚೈನ್‌ರಿಂಗ್. ಫುಲ್ ಸಸ್ಪೆನ್ಷನ್‌ನಲ್ಲಿ ನಂಬುವಂಥದ್ದು ಬೇಕಾದರೆ ಒಂದೂವರೆ ಲಕ್ಷ ದಾಟಿ ಎರಡರ ಕಡೆ ಹೋಗಬೇಕು. ಅಷ್ಟು ಕೊಟ್ಟರೂ ಕಂಪನಿ ಹಿಂದಿನ ಶಾಕಿಗೂ ಲಿಂಕಿಗೂ ಖರ್ಚು ಮಾಡಿದ್ದನ್ನು ಬೇರೆಲ್ಲೋ ಉಳಿಸಿರುತ್ತದೆ. ಬ್ರೇಕ್ ಒಂದು ಮಟ್ಟ ಕೆಳಗೆ, ರಿಮ್ ಭಾರ, ಟೈರು ಗಟ್ಟಿ ರಬ್ಬರು. ಅದೇ ದುಡ್ಡಿನ ಹಾರ್ಡ್‌ಟೇಲ್‌ನಲ್ಲಿ ಇವೆಲ್ಲ ಮೇಲ್ಮಟ್ಟದವು ಬರುತ್ತವೆ.

ಇನ್ನು ಇಪ್ಪತ್ತು ಸಾವಿರಕ್ಕೂ ಕಡಿಮೆಗೆ ಸಿಗುವ "ಡಬಲ್ ಶಾಕ್" ಸೈಕಲ್ ಇದೆಯಲ್ಲ, ಹಬ್ಬದ ಸಮಯದಲ್ಲಿ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ, ಮಕ್ಕಳು ಅದನ್ನೇ ಬೇಕೆಂದು ಹಟ ಹಿಡಿಯುತ್ತವೆ. ಅದರ ನಡುವೆ ಹೊಳೆಯುವ ಕೆಂಪು ಸ್ಪ್ರಿಂಗ್ ಇರುತ್ತದೆ, ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವ ಎಣ್ಣೆಯ ಡ್ಯಾಂಪರ್ ಇರುವುದಿಲ್ಲ. ತುಳಿದಾಗ ಕುಣಿಯುತ್ತದೆ, ಹಳ್ಳಕ್ಕೆ ಬಿದ್ದಾಗ ವಾಪಸ್ ಒದೆಯುತ್ತದೆ. ಅಕ್ಕಪಕ್ಕದವರ ಮಕ್ಕಳಿಗೂ ಅದನ್ನು ಕೊಡಿಸಬೇಡವೆಂದು ಹೇಳು. ಅದೇ ಬೆಲೆಗೆ ಶಾಕೇ ಇಲ್ಲದ ಹಗುರ ಸೈಕಲ್ ತೆಗೆದುಕೊಳ್ಳಲಿ.

ಹಾರ್ಡ್‌ಟೇಲ್ ಅಂತ ನಿರ್ಧಾರವಾದ ಮೇಲೆ ನಿನ್ನ ದುಡ್ಡೂ ಗಮನವೂ ಹೋಗಬೇಕಾದದ್ದು ಫೋರ್ಕಿನ ಮೇಲೆ. ಕಾಯಿಲ್ ಸ್ಪ್ರಿಂಗಿನ ಅಗ್ಗದ ಫೋರ್ಕ್ ಬೇಡ. ಕಾರಣ ನಿನ್ನ ತೂಕ. ಸ್ಪ್ರಿಂಗಿನ ಗಡಸುತನ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಅದೂ ಎಪ್ಪತ್ತೆಂಬತ್ತು ಕೆ.ಜಿ.ಯ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು. ನೀನು ಐವತ್ತರ ಆಸುಪಾಸು. ಪೆಟ್ಟಿಗೆಯ ಮೇಲೆ ಮುದುಡುವ ಅಳತೆ 100 ಮಿಲಿಮೀಟರ್ ಎಂದು ಬರೆದಿದ್ದರೂ ನಿನ್ನ ಭಾರಕ್ಕೆ ಅದು ಅರ್ಧವೂ ಇಳಿಯದು. ಮೇಲಿರುವ ಪ್ರಿಲೋಡ್ ತಿರುಪನ್ನು ಎಷ್ಟು ತಿರುಗಿಸಿದರೂ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ. ಏರ್ ಫೋರ್ಕ್ ಆದರೆ ನಿನ್ನ ತೂಕಕ್ಕೆ ತಕ್ಕಷ್ಟು ಗಾಳಿ. ಹುಡುಗಿಯರಿಗೆ "ಈ ಮೌಂಟನ್ ಬೈಕ್ ಮೈಗೆ ಒಗ್ಗುವುದಿಲ್ಲ" ಅನ್ನಿಸಿ ಬಿಟ್ಟುಬಿಡುವುದರ ಹಿಂದೆ ಎಷ್ಟೋ ಸಲ ಇಂಥ ಸ್ಪ್ರಿಂಗೇ ಇರುತ್ತದೆ ಎಂಬುದು ನನ್ನ ಗುಮಾನಿ.

ಗಾಳಿ ಎಷ್ಟು ಎಂದರೆ: ಸೈಕಲ್ ಬಟ್ಟೆ, ಬ್ಯಾಗು, ನೀರು ಎಲ್ಲ ಹಾಕಿಕೊಂಡು ಪೆಡಲ್ ಮೇಲೆ ನಿಲ್ಲು. ಫೋರ್ಕಿನ ಹೊಳೆಯುವ ಕಾಲಿನ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ, ಅದನ್ನು ಸೀಲಿನವರೆಗೆ ಇಳಿಸಿ, ಮೆಲ್ಲಗೆ ಹತ್ತಿ ನಿಂತು, ಮೆಲ್ಲಗೆ ಇಳಿ. 120 ಮಿಲಿಮೀಟರ್ ಫೋರ್ಕಾದರೆ ಉಂಗುರ 24 ಮಿಲಿಮೀಟರಿನ ಹತ್ತಿರ ನಿಂತಿರಬೇಕು, ಅಂದರೆ ಐದರಲ್ಲೊಂದು ಪಾಲು. ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಕಡಿಮೆ ಇಳಿದಿದ್ದರೆ ಗಾಳಿ ಬಿಡು, ಹೆಚ್ಚಾದರೆ ತುಂಬು. ಮಾಮೂಲಿ ಪಂಪಿನಿಂದ ಆಗದು, ಶಾಕ್ ಪಂಪ್ ಬೇಕು. ನನ್ನ ಹತ್ತಿರ ಇದೆ, ಒಯ್ಯಿ. ಆಮೇಲೆ ಕೆಳಗಿನ ಕೆಂಪು ತಿರುಪು, ರಿಬೌಂಡ್. ಫೋರ್ಕನ್ನು ಒತ್ತಿ ಬಿಟ್ಟಾಗ ಅದು ನೆಗೆದು ಬರಬಾರದು, ತೂಕಡಿಸುತ್ತಲೂ ಬರಬಾರದು. ನಿನ್ನಷ್ಟು ಹಗುರವಾದವರಿಗೆ ಗಾಳಿ ಕಡಿಮೆ ಇರುವುದರಿಂದ ಅದನ್ನು ಸಾಕಷ್ಟು ಸಡಿಲಿಸಿಯೇ ಇಡಬೇಕಾಗುತ್ತದೆ.

ಹಾರ್ಡ್‌ಟೇಲ್‌ನಲ್ಲಿ ಹಿಂದಿನ ಶಾಕ್ ಯಾವುದು ಗೊತ್ತೇ? ಟೈರು. 2.3 ಅಥವಾ 2.4 ಇಂಚಿನದು, ಟ್ಯೂಬ್‌ಲೆಸ್ ಮಾಡಿಸಿ ಸೀಲಂಟ್ ಹಾಕಿಸು. ಜಾಲಿ ಮುಳ್ಳಿನ ನಾಡಿನಲ್ಲಿ ಅದು ಹೇಗೂ ಬೇಕು. ಪೆಟ್ರೋಲ್ ಬಂಕಿನವರು 40 ಹೊಡೆದು ಕಳಿಸುತ್ತಾರೆ, ಅಲ್ಲಿಗೆ ಹೋಗಲೇಬೇಡ. ನಿನ್ನ ತೂಕಕ್ಕೆ ಮುಂದೆ 18, ಹಿಂದೆ 21 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ, ಒಂದೊಂದೇ ಹೆಚ್ಚುಕಡಿಮೆ ಮಾಡಿ ನೋಡು. ಇಷ್ಟರಿಂದಲೇ ಗರಸಿನ ಮೇಲಿನ ಜಾರಾಟ ಎಷ್ಟು ಕಡಿಮೆಯಾಗುತ್ತದೆಂದು ನಿನಗೇ ಆಶ್ಚರ್ಯವಾಗುತ್ತದೆ. ಇನ್ನೂ ದುಡ್ಡು ಉಳಿದರೆ ಡ್ರಾಪರ್ ಪೋಸ್ಟ್. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ಸೀಟು ಕೆಳಗಿಳಿದು, ಕಾಲು ಮಡಚಲು ಜಾಗವಾಗುತ್ತದೆ. ಇಳಿಜಾರಿನ ಹೆದರಿಕೆಯನ್ನು ಹಿಂದಿನ ಶಾಕಿಗಿಂತ ಇದು ಹೆಚ್ಚು ತಗ್ಗಿಸುತ್ತದೆ ಎಂದು ಪಂಥ ಕಟ್ಟಲು ಸಿದ್ಧ. ಕೊಳ್ಳುವಾಗ ಫ್ರೇಮಿನಲ್ಲಿ ಎರಡು ಸಂಗತಿ ಮಾತ್ರ ನೋಡಿಕೋ. ಹ್ಯಾಂಡಲ್ ಕೂರುವ ಕೊಳವೆ ಕೆಳಗೆ ಅಗಲವಾಗುವ ಟೇಪರ್ಡ್ ಆಗಿರಲಿ, ಚಕ್ರಗಳಿಗೆ ಥ್ರೂ ಆಕ್ಸಲ್ ಇರಲಿ. ಮುಂದೆ ಫೋರ್ಕ್, ಚಕ್ರ ಬದಲಿಸುವ ಮನಸ್ಸಾದರೆ ದಾರಿ ತೆರೆದಿರುತ್ತದೆ.

ನಿನ್ನ ದಿನಚರಿಯನ್ನೂ ಮರೆತಿಲ್ಲ. ಪಿ.ಜಿ. ಮೂರನೇ ಮಹಡಿ, ಲಿಫ್ಟಿಲ್ಲ, ಕೆಳಗೆ ಬಿಟ್ಟರೆ ಬೆಳಿಗ್ಗೆ ಇರುವ ಭರವಸೆಯಿಲ್ಲ. ದಿನಕ್ಕೆರಡು ಸಲ ಹೊರುವಾಗ ಫುಲ್ ಸಸ್ಪೆನ್ಷನ್‌ನ ಆ ಹೆಚ್ಚಿನ ಎರಡು ಕೆ.ಜಿ. ಗೊತ್ತಾಗುತ್ತದೆ. ಅದೇ ಸೈಕಲ್ಲಿನಲ್ಲಿ ಆಫೀಸಿಗೂ ಹೋಗುವ ಆಸೆ ನಿನಗಿದೆ. ಎಷ್ಟೋ ಹಾರ್ಡ್‌ಟೇಲ್‌ಗಳಲ್ಲಿ ಕ್ಯಾರಿಯರ್, ಮಡ್‌ಗಾರ್ಡ್ ಕೂರಿಸುವ ತೂತುಗಳಿರುತ್ತವೆ, ಎರಡು ನೀರಿನ ಬಾಟಲಿಗೂ ಜಾಗವಿರುತ್ತದೆ. ಫುಲ್ ಸಸ್ಪೆನ್ಷನ್‌ನ ಸಣ್ಣ ಸೈಜಿನ ಫ್ರೇಮಿನಲ್ಲಿ ಶಾಕೇ ನಡುವಿನ ಜಾಗವನ್ನೆಲ್ಲ ತಿಂದಿರುತ್ತದೆ.

ಇಷ್ಟೆಲ್ಲ ಹೇಳಿದೆನೆಂದು ನಾನು ಫುಲ್ ಸಸ್ಪೆನ್ಷನ್‌ನ ವೈರಿ ಅಂದುಕೊಳ್ಳಬೇಡ. ಬೆನ್ನು ನೋವಿನವರು, ಮಂಡಿ ಸವೆದವರು ಮೊದಲ ಸೈಕಲ್ಲನ್ನೇ ಅದರಲ್ಲಿ ತೆಗೆದುಕೊಂಡರೂ ತಪ್ಪಿಲ್ಲ. ಇಳಿಯುವುದಕ್ಕೆ ಮಾತ್ರ ಅದು ಬೇಕು ಎಂಬ ಮಾತೂ ಪೂರ್ತಿ ಸರಿಯಲ್ಲ. ಬೇರು, ಕಲ್ಲು ತುಂಬಿದ ಏರಿನಲ್ಲಿ ಹಾರ್ಡ್‌ಟೇಲ್‌ನ ಹಿಂದಿನ ಚಕ್ರ ಪುಟಿದು ಹಿಡಿತ ಬಿಡುತ್ತದೆ, ಫುಲ್ ಸಸ್ಪೆನ್ಷನ್‌ನ ಚಕ್ರ ನೆಲಕ್ಕೆ ಅಂಟಿಕೊಂಡೇ ಹತ್ತುತ್ತದೆ. ಆದ್ದರಿಂದ ನೀನು ಯಾವಾಗ ಬದಲಾಗಬೇಕು ಎಂದರೆ, ನಿನ್ನ ಭಾನುವಾರಗಳು ನಂದಿಯಿಂದ ಮಲೆನಾಡಿಗೆ ಸರಿದಾಗ, ಅಥವಾ ಹಿಮಾಚಲದ ಎಂಟಿಬಿ ಹಿಮಾಲಯದಂಥ ಹಲವು ದಿನಗಳ ಸ್ಪರ್ಧೆಗೆ ಹೆಸರು ಕೊಡುವ ಹುಚ್ಚು ಹತ್ತಿದಾಗ. ಗಂಟೆಗಟ್ಟಲೆ, ದಿನಗಟ್ಟಲೆ ತುಳಿಯುವಾಗ ದಣಿದ ಕಾಲು ಶಾಕಿನ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ. ಅಲ್ಲಿ 120 ಮಿಲಿಮೀಟರಿನ ಹಗುರ ಫುಲ್ ಸಸ್ಪೆನ್ಷನ್ ಸಾಕು. ಗುಂಪಿನ ಹುಡುಗರ 160 ಮಿಲಿಮೀಟರಿನದು ನಮ್ಮ ಬೆಟ್ಟಗಳಲ್ಲಿ ಹೊತ್ತು ತಿರುಗುವ ಭಾರವೇ ಸರಿ.

ಆ ದಿನ ಬಂದಾಗ ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಬೆಂಗಳೂರಿನಲ್ಲಿ ಉತ್ಸಾಹದಿಂದ ಕೊಂಡು, ಆರು ತಿಂಗಳಲ್ಲಿ ಬಾಲ್ಕನಿಗೆ ಸೇರಿಸಿದ ಒಳ್ಳೆಯ ಸೈಕಲ್‌ಗಳು ಬೇಕಾದಷ್ಟಿವೆ. ನೋಡಲು ಹೋದಾಗ ಸೀಟನ್ನು ಹಿಡಿದು ಮೆಲ್ಲಗೆ ಮೇಲೆತ್ತು, ಚಕ್ರ ನೆಲ ಬಿಡುವ ಮುಂಚೆ ಟಕ್ ಎಂದರೆ ಶಾಕಿನ ಬುಷ್ ಅಥವಾ ಪಿವಟ್ ಸವೆದಿದೆ. ಹಿಂದಿನ ಚಕ್ರದ ಮೇಲ್ಭಾಗ ಹಿಡಿದು ಎಡಬಲಕ್ಕೆ ಅಲುಗಿಸು. ಫೋರ್ಕಿನ, ಶಾಕಿನ ಹೊಳೆಯುವ ಭಾಗದ ಮೇಲೆ ಉಗುರು ಆಡಿಸು, ಉಗುರಿಗೆ ಸಿಗುವ ಗೀರಿದ್ದರೆ ಎಣ್ಣೆ ನಿಲ್ಲದು. ಚೈನ್‌ಸ್ಟೇ, ಲಿಂಕುಗಳ ಬೆಸುಗೆಯ ಸುತ್ತ ಕೂದಲೆಳೆಯ ಬಿರುಕಿದೆಯೇ ಎಂದು ಮೊಬೈಲಿನ ಟಾರ್ಚ್ ಹಾಕಿ ನೋಡು. ಆಮೇಲೆ ಸರ್ವೀಸ್ ಬಿಲ್ ಕೇಳು. ಇಲ್ಲ ಎಂದರೆ ಫೋರ್ಕ್, ಶಾಕ್ ಎರಡರ ಪೂರ್ತಿ ಸರ್ವೀಸಿನ ಖರ್ಚು, ಬೇರಿಂಗ್ ಸೆಟ್ಟಿನ ಬೆಲೆ ಎಲ್ಲವನ್ನೂ ಅಲ್ಲೇ ಕೂತು ಲೆಕ್ಕ ಹಾಕಿ, ಅವರು ಹೇಳಿದ ರೇಟಿನಲ್ಲಿ ಕಳೆ. ಒಪ್ಪದಿದ್ದರೆ ಕಾಫಿ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿ ಎದ್ದು ಬಾ.